ಮಡಕೆಯ ಚೂರಿನ ಸಾಕ್ಷ್ಯ

ಕಲಬುರಗಿಯ ರೋಜಾ ಬಡಾವಣೆಯಲ್ಲಿ ಖ್ವಾಜಾ ಬಂದೇನವಾಜರ ದರ್ಗಾದ ಗುಮ್ಮಟವು ದೂರದಿಂದಲೇ ಕಣ್ಸೆಳೆಯುತ್ತದೆ. ಆ ಸಂತರು 1422ರಲ್ಲಿ ಕಾಲವಾದರೆಂದು ಚರಿತ್ರೆ ತಿಳಿಸುತ್ತದೆ. ಆದರೆ ಆ ಗುಮ್ಮಟಕ್ಕೆ ಗಾರೆ ಹೊತ್ತವರು ಯಾವ ಪಾತ್ರೆಯಲ್ಲಿ ಉಂಡರು, ಅವರ ಮನೆಯ ಹಣತೆ ಎಂತಹುದು? ಗುಮ್ಮಟವು ಇದನ್ನು ಹೇಳಲಾರದು. ಇಂತಹ ಪ್ರಶ್ನೆಗಳಿಗೆ ಉತ್ತರವಿರುವುದು ಒಡೆದ ಮಡಕೆಗಳಲ್ಲಿ, ಮಣಿಗಳಲ್ಲಿ, ಒಲೆಯ ಬೂದಿಯಲ್ಲಿ. ಹೀಗಿದ್ದರೂ ನೆಲದಲ್ಲಿ ನಾಣ್ಯ ಸಿಕ್ಕರೆ ಜನ ಹಿಗ್ಗುತ್ತಾರೆ. ಚೂರು ಸಿಕ್ಕರೆ ಬದುವಿನಾಚೆಗೆ ಎಸೆಯುತ್ತಾರೆ. ಈ ಲೆಕ್ಕ ಸರಿಯಲ್ಲ.

ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯು ಸಾತವಾಹನರ ಕಾಲದ ಊರು. ಅಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್ಸನ ಬೆಳ್ಳಿಯ ನಾಣ್ಯ ದೊರೆತಿದೆ. ಅವನು ಕ್ರಿ.ಶ. 14ರಿಂದ 37ರವರೆಗೆ ಆಳಿದವನು. ನಾಣ್ಯದ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದು ತಲೆಮಾರುಗಳ ಕಾಲ ಗಂಟಿನಲ್ಲಿ ಉಳಿಯಬಲ್ಲದು. ಮಡಕೆಗೆ ಅಷ್ಟು ಆಯುಸ್ಸಿಲ್ಲ. ಒಡೆದ ದಿನವೇ ಅದು ತಿಪ್ಪೆ ಸೇರುತ್ತದೆ. ಆದುದರಿಂದಲೇ ಕಾಲನಿರ್ಣಯದಲ್ಲಿ ಅದು ಹೆಚ್ಚು ನಂಬಲರ್ಹವಾದ ಸಾಕ್ಷಿ.

1945ರಲ್ಲಿ ಮಾರ್ಟಿಮರ್ ವೀಲರ್ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಉತ್ಖನನ ನಡೆಸಿದಾಗ ಇಟಲಿಯ ಕೆಂಪು ಮೆರುಗಿನ ತಟ್ಟೆಗಳ ಚೂರುಗಳು ಹೊರಬಂದವು. ದ್ರಾಕ್ಷಾರಸ ತುಂಬಿ ಹಡಗಿನಲ್ಲಿ ಬಂದ ಎರಡು ಹಿಡಿಗಳ ಜಾಡಿಗಳೂ ಅಲ್ಲಿದ್ದವು. ಇಟಲಿಯ ತಟ್ಟೆಗಳ ಕಾಲ ಯುರೋಪಿನ ವಿದ್ವಾಂಸರಿಗೆ ಮೊದಲೇ ತಿಳಿದಿತ್ತು. ಅವುಗಳ ಜೊತೆಗೆ, ಒಳತಳದಲ್ಲಿ ಸಣ್ಣ ಗೀರುಗಳನ್ನು ಬಳೆಯಂತೆ ಸುತ್ತಲೂ ಒತ್ತಿದ ಇನ್ನೊಂದು ಬಗೆಯ ತಟ್ಟೆಯಿತ್ತು. ಅದೇ ಬಗೆಯ ಚೂರುಗಳು 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿಯೂ ಕಂಡುಬಂದುವು. ಆ ಊರುಗಳ ಕಾಲವನ್ನು ಗೊತ್ತುಪಡಿಸಲು ವೀಲರ್ ಅವನ್ನೇ ಆಧಾರವಾಗಿ ಹಿಡಿದರು. ಈ ತಟ್ಟೆಗಳು ಭಾರತದಲ್ಲಿಯೇ ತಯಾರಾದವೆಂದೂ ವೀಲರ್ ಎಣಿಸಿದ್ದಕ್ಕಿಂತ ಮೊದಲೇ ಬಳಕೆಗೆ ಬಂದಿದ್ದವೆಂದೂ ಮುಂದಿನ ಸಂಶೋಧಕರು ತೋರಿಸಿದರು. ಆ ತಿದ್ದುಪಡಿಗೂ ಚೂರುಗಳೇ ಬೇಕಾದುವು.

ಕಲಬುರಗಿ ಜಿಲ್ಲೆಯಲ್ಲಿಯೇ, ಭೀಮಾತೀರದ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಿಂದ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂದಿತು. ಅಶೋಕನ ಹೆಸರು ಕೊರೆದ ಶಿಲ್ಪವು ಎಲ್ಲರ ಬಾಯಲ್ಲಿ ನಲಿಯಿತು, ಅದು ಸಹಜವೇ. ಆದರೆ ಆ ಶಿಲ್ಪಿಗಳೂ ಮಡಕೆಯಲ್ಲಿ ಬೇಯಿಸಿ ಉಂಡವರೇ ತಾನೆ! ಇಂತಹ ಹಳೆಯ ದಿಬ್ಬಗಳಲ್ಲಿ ನಿಧಿಯಾಸೆಗೆ ಗುಂಡಿ ತೋಡುವವನು ಚಿನ್ನವಿಲ್ಲವೆಂದು ಬರಿಗೈಯಲ್ಲಿ ಹಿಂದಿರುಗಬಹುದು. ಅಷ್ಟರಲ್ಲಿ ಮೇಲಿನ ಮಣ್ಣು ಕೆಳಗಾಗಿ, ಕೆಳಗಿನದು ಮೇಲಾಗಿ, ಅಜ್ಜನ ಮಡಕೆ ಮೊಮ್ಮಗನ ಮಡಕೆಯೊಡನೆ ಕಲಸಿಹೋಗಿರುತ್ತದೆ. ಯಾವುದು ಮೊದಲಿನದೆಂದು ಆಮೇಲೆ ಯಾವ ವಿದ್ವಾಂಸನೂ ಹೇಳಲಾರನು.