ಕೊನೆಯಿಲ್ಲದ ಪುಟಕ್ಕೆ ಕೊನೆ ಹಾಕುವವರಾರು?

ಮಕ್ಕಳು ಸದಾ ಮೊಬೈಲ್ ಹಿಡಿದಿರುತ್ತಾರೆಂದು ಗದರುವ ಹಿರಿಯರಾದ ನಾವು ನಮ್ಮ ಕೈಯಲ್ಲಿರುವುದೇನೆಂದು ಒಮ್ಮೆ ನೋಡಿಕೊಳ್ಳಬೇಡವೇ?

ಪುಸ್ತಕಕ್ಕೆ ಕೊನೆಯ ಪುಟವಿದೆ. ದಿನಪತ್ರಿಕೆಯೂ ಓದಿ ಮುಗಿಯುತ್ತದೆ. ಮೊಬೈಲಿನ ಪರದೆಗೆ ಮಾತ್ರ ಮುಗಿತಾಯವೇ ಇಲ್ಲ. ಇದು ಆಕಸ್ಮಿಕವಲ್ಲ. ಬೆರಳು ಸರಿಸಿದಷ್ಟೂ ಹೊಸ ವಿಷಯ ತಾನಾಗಿ ಬಂದು ಸೇರುವ ಏರ್ಪಾಡನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದರು. ಜನರ ಸಮಯವನ್ನೂ ಗಮನವನ್ನೂ ಆದಷ್ಟು ಹೆಚ್ಚು ಸೆಳೆದುಕೊಳ್ಳುವುದು ಹೇಗೆಂಬುದೇ ಕಟ್ಟಿದವರ ಚಿಂತೆಯಾಗಿತ್ತೆಂದು ಫೇಸ್‌ಬುಕ್‌ನ ಮೊದಲ ಅಧ್ಯಕ್ಷ ಶಾನ್ ಪಾರ್ಕರ್ 2017ರಲ್ಲಿ ಒಪ್ಪಿಕೊಂಡರು. ಹೀಗೆ ಸೆಳೆದ ನಮ್ಮ ಗಮನವೇ ಜಾಹೀರಾತುದಾರರಿಗೆ ಮಾರಾಟವಾಗುವ ಸರಕು.

ಹಾಗಾದರೆ ಮೊಬೈಲನ್ನೇ ಬಿಸಾಡೋಣವೇ ಎಂದು ಕೇಳುವಿರಿ. ಬೇಡ. ದೂರದೂರಿನ ಮಗಳ ಮುಖ ತೋರಿಸುವುದೂ ಅಂಗಡಿಯಲ್ಲಿ ಹಣ ಸಲ್ಲಿಸುವುದೂ ಅದೇ. ಆದರೆ ಕೆಲಸಕ್ಕೆಂದು ಎತ್ತಿಕೊಂಡು, ಎತ್ತಿಕೊಂಡದ್ದೇಕೆಂಬುದನ್ನೇ ಮರೆತು ಗಂಟೆ ಕಳೆದರೆ, ಅಲ್ಲಿ ಯಜಮಾನರು ಯಾರು, ಆಳು ಯಾರು?

ಮನಸ್ಸು ಗಟ್ಟಿಯಿದ್ದರೆ ಸಾಕೆಂಬ ಮಾತನ್ನೂ ಒಪ್ಪಲಾಗದು. ಮನಸ್ಸನ್ನು ಕರಗಿಸಲೆಂದೇ ನಿಪುಣರು ಹಗಲಿರುಳು ದುಡಿಯುತ್ತಿರುವಾಗ ಬರಿಯ ಸಂಕಲ್ಪ ಎಷ್ಟು ದಿನ ಬಾಳೀತು? ಪರದೆ ಹಾಕದ ಕೊನೆಯನ್ನು ಮನೆಯ ಕಟ್ಟಳೆಯೇ ಹಾಕಬೇಕು. ಅನಗತ್ಯ ಸೂಚನೆಗಳ ಸದ್ದನ್ನು ನಿಲ್ಲಿಸೋಣ. ಊಟದ ಹೊತ್ತಿನಲ್ಲಿ ಎಲ್ಲರ ಮೊಬೈಲುಗಳೂ ಒಂದೆಡೆ ಇರಲಿ. ಮಲಗುವ ಕೋಣೆಗೆ ಅವು ಬಾರದಿರಲಿ. ಈ ನಿಯಮ ಮೊದಲು ತಂದೆತಾಯಿಯರಿಗೆ, ಅನಂತರ ಮಕ್ಕಳಿಗೆ. ಪರದೆಯಿಂದ ಕಣ್ಣೆತ್ತದೆ ಹೇಳಿದ ಬುದ್ಧಿಮಾತನ್ನು ಯಾವ ಮಗು ತಾನೇ ಕೇಳೀತು?