ರೈಫಲ್ ನಮ್ಮದಾದರೆ ಸಾಲದು, ಗುಂಡೂ ನಮ್ಮದಾಗಬೇಕು

ಕಬ್ಬಾಳು ಬೆಟ್ಟವನ್ನು ಕೆಳಗಿನಿಂದ ನೋಡಿದರೆ ಸಾಕು, ಕೋಟೆ ಕಟ್ಟಿದವರ ಲೆಕ್ಕ ಗೊತ್ತಾಗುತ್ತದೆ. ಎತ್ತರ ಹಿಡಿದವನೇ ಗೆದ್ದ. ಗಡಿಯಲ್ಲಿ ಆ ಲೆಕ್ಕ ಈಗ ಹಾಗೇ ಉಳಿದಿಲ್ಲ. ಬೆಟ್ಟದ ಮೇಲಿನ ಸೈನಿಕನನ್ನು ಒಂದೂವರೆ ಕಿಲೋಮೀಟರ್ ಆಚೆಯಿಂದಲೇ ಹೊಡೆಯುವ ರೈಫಲ್‌ಗಳು ಬಂದಿವೆ. ನಮ್ಮೂರುಗಳಿಂದ ಸೇನೆಗೆ ಹೋದ ಹುಡುಗರು ನಿಲ್ಲುವುದೂ ಅಂಥ ಜಾಗದಲ್ಲೇ. ಹಾಗಾಗಿ ಇದು ನಮ್ಮ ವಿಷಯವೂ ಹೌದು.

ಕ್ಯಾಲಿಬರ್ ಅಂದರೆ ಕೋವಿ ನಳಿಗೆಯ ಒಳ ಅಗಲ. ಸೈನಿಕರು ಬಹುಕಾಲ ಹಿಡಿದ ಇನ್ಸಾಸ್ ರೈಫಲ್‌ನದು 5.56 ಮಿ.ಮೀ. ದೊಡ್ಡ ರೈಫಲ್‌ಗಳದು 12.7, ಕೆಲವು 20 ಮಿ.ಮೀ.ವರೆಗೂ ಇವೆ. 1918ರಲ್ಲಿ ಜರ್ಮನರು ಬ್ರಿಟಿಷರ ಟ್ಯಾಂಕ್ ತೂತು ಮಾಡಲೆಂದೇ 13.2 ಮಿ.ಮೀ. ರೈಫಲ್ ಮಾಡಿದರು. ಟ್ಯಾಂಕಿನ ಕವಚ ದಪ್ಪವಾದಂತೆ ಅಂಥವು ಮೂಲೆ ಸೇರಿದವು. 1980ರ ದಶಕದಲ್ಲಿ ಅಮೆರಿಕದ ಬ್ಯಾರೆಟ್ ರೈಫಲ್ ಬಂದ ಮೇಲೆ ಮತ್ತೆ ಬೇಡಿಕೆ ಬಂತು. ಈಗ ಗುರಿ ಟ್ಯಾಂಕ್ ಅಲ್ಲ. ವಾಹನ, ರಾಡಾರ್, ಬಂಕರ್.

ನಮ್ಮ ದೇಶವೂ ಸುಮ್ಮನೆ ಕೂತಿಲ್ಲ. ತಮಿಳುನಾಡಿನ ತಿರುಚ್ಚಿ ಸರ್ಕಾರಿ ಕಾರ್ಖಾನೆ 'ವಿಧ್ವಂಸಕ್' ಮಾಡಿದೆ. ಅದರ ತೂಕ 25 ಕಿಲೋ ಆಸುಪಾಸು, ಹೊತ್ತು ಬೆಟ್ಟ ಹತ್ತುವುದು ಹುಡುಗಾಟವಲ್ಲ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ 'ಸೇಬರ್' ಎಂಬ ಸ್ನೈಪರ್ ರೈಫಲ್ ಮಾಡಿದೆ. ಇದರ ಅಗಲ ಸುಮಾರು 8.6 ಮಿ.ಮೀ. ಹೊರದೇಶಕ್ಕೂ ಮಾರಾಟದ ಆರ್ಡರ್ ಸಿಕ್ಕ ಸುದ್ದಿ 2024ರಲ್ಲಿ ಬಂತು. ನಮ್ಮ ರಾಜ್ಯದಲ್ಲೇ ಆದ ಕೆಲಸ ಅಂತ ಹೆಮ್ಮೆ ಪಡೋಣ.

ಆದರೆ ವಾಟ್ಸಾಪ್‌ನಲ್ಲಿ ರೈಫಲ್‌ನ ವಿಡಿಯೊ ಹಂಚಿ ಅಲ್ಲಿಗೇ ಬಿಟ್ಟರೆ ಪ್ರಯೋಜನವಿಲ್ಲ. ನಮ್ಮ ಸೇನೆ ದಶಕಗಳ ಕಾಲ ರಷ್ಯಾ ಮೂಲದ ಡ್ರಾಗುನೋವ್ ರೈಫಲ್ ನಂಬಿಕೊಂಡಿತ್ತು. ಅದರ ಗುರಿ ನಿಲ್ಲುವುದು 800 ಮೀಟರ್ ಆಸುಪಾಸಿನವರೆಗೆ. ಆಚೆಯವರ ಸ್ನೈಪರ್ ಕಾಟ ಹೆಚ್ಚಿದ ಮೇಲೆ 2019ರಲ್ಲಿ ಗಡಿ ನಿಯಂತ್ರಣ ರೇಖೆಗೆ ಅಂತ ಅಮೆರಿಕದ ಬ್ಯಾರೆಟ್, ಇಟಲಿಯ ಬೆರೆಟ್ಟಾ ರೈಫಲ್‌ಗಳನ್ನು ತುರ್ತಾಗಿ ತರಿಸಿದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಹೊರಗಿನ ರೈಫಲ್ ಅಂದರೆ ಅದಕ್ಕೆ ಹೊಂದುವ ಗುಂಡು, ದುರ್ಬೀನು, ಬಿಡಿಭಾಗ ಎಲ್ಲಕ್ಕೂ ಹೊರಗೇ ಕೈ ಚಾಚಬೇಕು. ಸ್ನೈಪರ್ ಆಗುವುದು ದಿನಾ ಗುರಿ ಹೊಡೆದು ಹೊಡೆದು. ಗಾಳಿ ಎತ್ತ ಬೀಸಿದರೆ ಗುಂಡು ಎಷ್ಟು ಸರಿಯುತ್ತದೆ ಅನ್ನುವುದು ಕೈಗೆ ಕೂರಬೇಕು. ದುಬಾರಿ ಗುಂಡು ಅಂತ ಎಣಿಸಿ ಎಣಿಸಿ ಕೊಟ್ಟರೆ ಹುಡುಗನ ಕೈ ಪಳಗುವುದು ಯಾವಾಗ?

ಅದಕ್ಕೇ ನಾವು ಹೇಳುವುದಿಷ್ಟು: ರೈಫಲ್ ಜೊತೆಗೆ ಗುಂಡು, ದುರ್ಬೀನು ಎಲ್ಲವೂ ಇಲ್ಲೇ ತಯಾರಾಗಲಿ. ಅಭ್ಯಾಸಕ್ಕೆ ಧಾರಾಳವಾಗಿ ಸಿಗುವಷ್ಟು ಆಗಲಿ. ಇದು ಕೂದಲೆಳೆಯಷ್ಟೂ ತಪ್ಪಬಾರದ ಲೋಹದ ಕೆಲಸ. ಕನಕಪುರ, ಮಾಗಡಿ ಕಡೆಯ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಆ ತರಬೇತಿ ಸಿಗಲಿ.

ವೋಟು ಕೇಳಲು ಬರುವವರು ಸೈನಿಕರ ಹೆಸರು ಹೇಳದೆ ಭಾಷಣ ಮುಗಿಸುವುದಿಲ್ಲ. ಚಪ್ಪಾಳೆ ತಟ್ಟುವ ಮುಂಚೆ ಒಂದು ಮಾತು ಕೇಳಿ: ನಮ್ಮ ಹುಡುಗನ ಕೈಯಲ್ಲಿರುವ ರೈಫಲ್ ಎಷ್ಟು ವರ್ಷ ಹಳೆಯದು, ಅವನ ಅಭ್ಯಾಸಕ್ಕೆ ಗುಂಡು ಸಾಕಷ್ಟಿದೆಯಾ ಅಂತ. ಮಕ್ಕಳನ್ನು ಕಳಿಸಿಕೊಟ್ಟ ಊರಿಗೆ ಕೇಳುವ ಹಕ್ಕಿದೆ.