ಹೆಂಚಿನ ಸಾಹೇಬ
ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಮಿಲ್ಲಿನ ಮಾಲೀಕರೊಬ್ಬರು ಚುನಾವಣೆಗೆ ನಿಂತರೆ ಯಾರೂ ಹುಬ್ಬೇರಿಸುವುದಿಲ್ಲ. ನನಗೆ ಮಾತ್ರ ಆಗೆಲ್ಲ ನೆನಪಾಗುವವರು ಮಂಗಳೂರಿನ ಜಾರ್ಜ್ ಪ್ಲೆಬ್ಸ್ಟ್. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಈ ಜರ್ಮನ್ ಸಾಹೇಬರು ಮೊದಲು ಕೈಹಾಕಿದ್ದು ಅಚ್ಚುಕೂಟದ ಕೆಲಸಕ್ಕೆ. ಆಮೇಲೆ ನೇತ್ರಾವತಿ ದಂಡೆಯ ಜೇಡಿಮಣ್ಣು ಕಣ್ಣಿಗೆ ಬಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಸಣ್ಣದಾಗಿ ಶುರುವಾಯಿತು. ಲಾಭ ಸಾಹೇಬರ ಜೇಬಿಗಲ್ಲ, ಮಿಷನ್ನಿಗೆ. ಓಟಿನ ಗೊಡವೆಯೂ ಇಲ್ಲ (ಆಗ ಜನರಿಗೆ ಓಟಾದರೂ ಎಲ್ಲಿತ್ತು!). ಮಣ್ಣಿನ ಮಾಳಿಗೆ, ಶಹಾಬಾದ ಕಲ್ಲಿನ ನಮ್ಮ ಹಳೇ ಮನೆಗಳಿಗೆ ಆ ಹೆಂಚು ಅಷ್ಟಾಗಿ ಒಗ್ಗಲಿಲ್ಲ. ಕರಾವಳಿಯ ಸೂರನ್ನಂತೂ ಪೂರಾ ಬದಲಿಸಿತು. ಮೊದಲ ಮಹಾಯುದ್ಧ ಬಂತು, ಆಳುತ್ತಿದ್ದ ಬ್ರಿಟಿಷರಿಗೆ ಜರ್ಮನರು ಶತ್ರುಗಳಾದರು. 1919ರಲ್ಲಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.